ಸದನದಲ್ಲಿ ಓದದ ಮೊದಲ ಪುಟ

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ನಾನು ಬರೆದುಕೊಟ್ಟ ಭಾಷಣಗಳನ್ನು ಟೀವಿಯಲ್ಲಿ ಕೇಳಿದವರು ಹಾಗೆ ಅಂದುಕೊಳ್ಳುವುದಿಲ್ಲ. ವಿರೋಧ ಪಕ್ಷದ ಶಾಸಕರೊಬ್ಬರಿಗೆ ಸದನದಲ್ಲಿ ಓದುವ ಭಾಷಣ ಬರೆದುಕೊಡುವುದು ಬಹಳ ವರ್ಷಗಳಿಂದ ನನ್ನ ಕೆಲಸ. ವಿದ್ಯಾರಣ್ಯಪುರಂನ ನಮ್ಮ ಮನೆಯ ಊಟದ ಮೇಜೇ ಆಫೀಸು. ಒಂದು ಕಡೆ ಹುರುಳೀಕಾಯಿ, ಇನ್ನೊಂದು ಕಡೆ ಲ್ಯಾಪ್‌ಟಾಪು. ಅಲ್ಲಿ ಕೂತೇ ಎಷ್ಟೋ ಮಂತ್ರಿಗಳ ಬೆವರಿಳಿಸಿದ್ದೇನೆ. ಆದರೆ ನಮ್ಮ ಗೇಟಿನ ಮುಂದೆ ಒಬ್ಬ ಪೊಲೀಸಿನವನು ಬೈಕ್ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡಿದರೂ ಸಾಕು, ನನ್ನ ಕೈಕಾಲು ತಣ್ಣಗಾಗುತ್ತದೆ. ನಮ್ಮ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಲೆ ಬಗ್ಗಿಸಿ ಬರೆಯುವುದು, ಬರೆದದ್ದನ್ನು ದೊಡ್ಡವರ ಬಾಯಲ್ಲಿ ಆಡಿಸುವುದು, ತಮ್ಮ ಹೆಸರು ಎಲ್ಲೂ ಬಾರದ ಹಾಗೆ ನೋಡಿಕೊಳ್ಳುವುದು, ಇದೆಲ್ಲ ನಮ್ಮ ಮನೆಯ ಬಳುವಳಿ. ಹೆದರಿಕೆಯೂ ಅದರ ಜೊತೆಗೇ ಬಂತು.

ಸದನದ ಭಾಷಣ ಬರೆಯುವುದಕ್ಕೆ ಒಂದು ರೀತಿ ಇದೆ. ಮದುವೆ ಊಟದ ಹಾಗೆ ಪಾಯಸವನ್ನು ಕೊನೆಗೆ ಬಡಿಸುತ್ತೇನೆ ಅಂದರೆ ಕೆಟ್ಟಿರಿ. ವಿರೋಧ ಪಕ್ಷದವರು ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪೀಠದ ಗಂಟೆ ಬಾರಿಸುತ್ತದೆ, ಮೈಕು ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಹಾಗಾಗಿ ಜೀವ ಇರುವ ಮಾತು, ಅಂದರೆ ಯಾರೋ ಒಬ್ಬ ಮನುಷ್ಯನಿಗೆ ನಿಜವಾಗಿ ಆದದ್ದು, ಮೊದಲ ಪುಟದಲ್ಲೇ ಇರಬೇಕು. ಕಲಮು, ಉಪಕಲಮು, ಕೋರ್ಟಿನ ತೀರ್ಪು ಇವೆಲ್ಲ ಹಿಂದಿನ ಪುಟಗಳಿಗೆ. ಅಕ್ಷರ ದಪ್ಪ, ಉಸಿರು ತೆಗೆದುಕೊಳ್ಳುವ ಕಡೆ ಗೀಟು, ಮೇಜು ಕುಟ್ಟುವ ಕಡೆ ಕೆಂಪು ಗೆರೆ. ನಮ್ಮ ಶಾಸಕರು ಮೇಜು ಕುಟ್ಟುವುದರಲ್ಲಿ ನಿಸ್ಸೀಮರು, ಓದುವುದು ಅಷ್ಟಕ್ಕಷ್ಟೆ.

ಆ ವರ್ಷ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತ್ತು. ಭದ್ರತೆಯ ಹೆಸರಿನಲ್ಲಿ ಪೊಲೀಸರು ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದು, ಎಲ್ಲಿಟ್ಟಿದ್ದೇವೆ ಅಂತ ಮನೆಯವರಿಗೆ ಹೇಳಬೇಕಾಗಿಲ್ಲ, ಮನೆ ಜಾಲಾಡಲು ಕೋರ್ಟಿನ ಕಾಗದ ಬೇಡ. ಇದೆಲ್ಲ ಹಾಳಾಗಲಿ, ಹಾಗೆ ಕರೆದುಕೊಂಡು ಹೋದರು ಅಂತ ಹೊರಗೆ ಹೇಳಿದರೆ ಅದೇ ಒಂದು ಅಪರಾಧ. ಹೇಳಿದವರನ್ನೂ, ಅವರಿಗೆ ಹೇಳಿಕೊಟ್ಟವರನ್ನೂ ಒಳಗೆ ಹಾಕಬಹುದು. ಅದನ್ನು ಕಾಯಂ ಕಾನೂನು ಮಾಡುವುದಕ್ಕೆ ಮಸೂದೆ ಸದನಕ್ಕೆ ಬರುವುದರಲ್ಲಿತ್ತು. ಶಾಸಕರು ಫೋನ್ ಮಾಡಿ, ಗಟ್ಟಿ ಉದಾಹರಣೆ ಒಂದು ಬೇಕಮ್ಮ, ಸದನ ಕಿವಿ ನಿಮಿರಿಸಿ ಕೇಳಬೇಕು, ಅಂದರು. ನಾನೇನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಉದಾಹರಣೆ ನನ್ನದೇ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಫಾಲ್ಸ್ ಹೊಲಿಯುತ್ತಿತ್ತು.

ಅವಳು ರಾಜೀವನಗರದವಳು. ಗಂಡ ಹೆಂಡತಿ ಇಬ್ಬರೂ ಇಲವಾಲದ ಆಚೆಯ ಹಳ್ಳಿಯಿಂದ ಬಂದವರು. ಅವನದು ಬೀದಿಯ ಮೂಲೆಯಲ್ಲಿ ಮೊಬೈಲು ರಿಪೇರಿಯ ಪುಟ್ಟ ಅಂಗಡಿ, ಇವಳದು ಮನೆಯಲ್ಲೇ ಹೊಲಿಗೆ. ನನ್ನ ಬ್ಲೌಸುಗಳೆಲ್ಲ ಅವಳ ಕೈಯದೇ. ನಾನು ದಪ್ಪಗಾದಾಗಲೆಲ್ಲ ಅವಳಿಗೇ ಮೊದಲು ಗೊತ್ತಾಗುತ್ತಿತ್ತು, ಅಳತೆ ಪಟ್ಟಿ ಹಿಡಿದುಕೊಂಡು ಮುಸಿಮುಸಿ ನಗುತ್ತಿದ್ದಳು. ಮುಂದಿನ ಕೋಣೆಯ ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ನೀಲಿ ಕೋಟು ತೊಟ್ಟು ಕೈಯಲ್ಲಿ ಸಂವಿಧಾನ ಹಿಡಿದವರ ಚಿತ್ರ. ಎರಡಕ್ಕೂ ದಿನಾ ಒಂದೊಂದು ಹೂವು. ಆ ಸಲ ಹೋದಾಗ ಅವಳು ನಗಲಿಲ್ಲ. ಬಾಗಿಲು ಹಾಕಿ, ಪಿಸುಮಾತಿನಲ್ಲಿ, ಗಂಡನಿಗಾದದ್ದನ್ನು ಹೇಳಿದಳು.

ರಿಪೇರಿಗೆ ಬಂದಿದ್ದ ಒಂದು ಫೋನಿನ ಯಜಮಾನ ಪೊಲೀಸರಿಗೆ ಬೇಕಾಗಿದ್ದ. ಅವನು ಸಿಗಲಿಲ್ಲ, ಇವನು ಸಿಕ್ಕಿದ. ಮಧ್ಯಾಹ್ನ ಊಟಕ್ಕೆ ಕೂತಿದ್ದವನನ್ನು ಎಬ್ಬಿಸಿ ಮನೆಯೆಲ್ಲ ಕಿತ್ತು ಹಾಕಿದರಂತೆ. ಅವನು ಕೂಗಿಕೊಂಡಿದ್ದಾನೆ. ಅಕ್ಕಪಕ್ಕದವರಿಗೆ ಕೇಳಬಾರದು ಅಂತ ಅವರಲ್ಲೊಬ್ಬ ಇವಳಿಗೆ, ಮೆಷಿನ್ ನಿಲ್ಲಿಸಬೇಡ, ತುಳೀತಾ ಇರು, ಅಂದನಂತೆ. ಇವಳು ತುಳಿದಳು. ದಾರ ಕಿತ್ತುಹೋಗಿತ್ತು, ಆದರೂ ತುಳಿದಳು. ಒಳಗೆ ಗಂಡನನ್ನು ಹೊಡೆಯುತ್ತಿದ್ದರು, ಇವಳು ಬರೀ ಸೂಜಿಯಲ್ಲಿ ನನ್ನ ಸಾಸಿವೆ ಬಣ್ಣದ ಸೀರೆಯ ಅಂಚನ್ನು ಚುಚ್ಚುತ್ತಾ ಕೂತಿದ್ದಳು. ಆಮೇಲೆ ಅವನನ್ನು ಜೀಪಿಗೆ ಹಾಕಿಕೊಂಡು ಹೋದರು, ಎಲ್ಲಿಗೆ ಅಂತ ಹೇಳಲಿಲ್ಲ. ವಾರ ಕಳೆದ ಮೇಲೆ ಅವನು ಬಂದ. ಯಾರ ಹತ್ತಿರವೂ ಬಾಯಿ ಬಿಡಬೇಡ, ಬಿಟ್ಟರೆ ಈ ಸಲ ವಾರವಲ್ಲ, ಅಂತ ಹೇಳಿ ಕಳಿಸಿದ್ದರು. ಇಷ್ಟು ಹೇಳಿ ಅವಳು ಸೀರೆಯ ಅಂಚು ತೋರಿಸಿದಳು. ಸಾಲಾಗಿ ತೂತುಗಳು.

ಆಮೇಲೆ ನಾನೇ ಹೇಳಿದ್ದು: ಇದನ್ನು ಹೇಳಬಹುದಾದ ಜಾಗ ಈಗ ಒಂದೇ ಇದೆ, ಅದು ಸದನ. ಅದರ ಒಳಗೆ ಸದಸ್ಯರು ಆಡಿದ ಮಾತಿಗೆ ಯಾವ ಪೊಲೀಸೂ ಯಾವ ಕೋರ್ಟೂ ಕೇಸು ಹಾಕುವ ಹಾಗಿಲ್ಲ, ನಿಮಗೆ ಯಾರು ಹೇಳಿದರು ಅಂತ ಕೇಳುವ ಹಾಗೂ ಇಲ್ಲ. ಅವಳು ಗೋಡೆಯ ಚಿತ್ರದ ಕಡೆ ನೋಡಿದಳು. ಅವರು ಬರೆದಿಟ್ಟದ್ದೇ ತಾನೇ ಇದು, ಅಂದಳು. ಹೌದು ಅಂದೆ. ಹೆಸರು ಹಾಕುವುದಿಲ್ಲ, ಬೀದಿ ಹಾಕುವುದಿಲ್ಲ, ಹೊಲಿಗೆ ಗಿಲಿಗೆ ಅಂತಲೂ ಬೇಡ, ಅಂದೆ. ಅದಕ್ಕೆ ಅವಳು ಒಪ್ಪಲಿಲ್ಲ.

"ಮೆಷಿನ್ ತುಳಿದಿದ್ದನ್ನ ಬರೀಲೇಬೇಕು ಕಣಕ್ಕ. ಹೊಡುದ್ರು ಬಡುದ್ರು ಅಂದ್ರೆ ಯಾವಾಗ್ಲೂ ಕೇಳೋದೇ ಅಂದ್ಬುಟ್ಟು ಆಕಳಿಸ್ತಾರೆ. ಇದನ್ನ ಕೇಳ್ಲಿ."

ಅವಳು ಹೇಳಿದ್ದು ಸರಿ, ನನ್ನ ಕಸುಬೂ ಅದನ್ನೇ ಹೇಳುತ್ತಿತ್ತು. ಬರೆದೆ. ಹೆಸರು, ಬೀದಿ ಬಿಟ್ಟೆ. ಓದುವುದು ಸದನದ ಒಳಗೇ ತಾನೇ ಅನ್ನುವ ಧೈರ್ಯದಲ್ಲಿ ರಾಜೀವನಗರ, ಮೊಬೈಲು ಅಂಗಡಿ, ಮೆಷಿನ್ ತುಳಿಯುತ್ತಿದ್ದ ಹೆಂಡತಿ, ಎಲ್ಲ ಮೊದಲ ಪುಟದಲ್ಲಿ, ದಪ್ಪಕ್ಷರದಲ್ಲಿ.

ಮಸೂದೆ ಬಂದ ದಿನ ಬೆಳಿಗ್ಗೆಯಿಂದ ಟೀವಿಯ ಮುಂದೆ ಕೂತಿದ್ದೆ. ನಮ್ಮ ಯಜಮಾನರು ಎರಡು ಸಲ ಬಂದು, ತಿಂಡಿ ಆದರೂ ತಿನ್ನು ಮಾರಾಯ್ತಿ, ಅಂದರು. ಗೃಹಮಂತ್ರಿಗಳು ಎದ್ದು ಮಸೂದೆ ಮಂಡಿಸಿದರು, ಕೂತರು. ನಮ್ಮ ಶಾಸಕರು ಎದ್ದರು. ಕೈಯಲ್ಲಿ ನನ್ನ ಕಾಗದ ಕಾಣುತ್ತಿತ್ತು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಟೀವಿ ಕೆಟ್ಟಿತೇನೋ ಅಂತ ನಾನು ರಿಮೋಟು ಒತ್ತಿದೆ. ಕೆಟ್ಟಿದ್ದು ಟೀವಿಯಲ್ಲ. ಕಲಾಪಕ್ಕೆ ವೇಳೆ ಹಂಚುವ ಸಲಹಾ ಸಮಿತಿಯಲ್ಲಿ ಇದಕ್ಕೆ ಸಮಯ ನಿಗದಿಯಾಗಿಲ್ಲ, ಚರ್ಚೆ ಮುಗಿದಿದೆ, ಅಂತ ಪೀಠದಿಂದ ಬಂತು. ಶುರುವೇ ಆಗದ ಚರ್ಚೆ ಮುಗಿಯುವುದು ಹೇಗೆ ಸ್ವಾಮಿ? ವಿರೋಧ ಪಕ್ಷದವರೆಲ್ಲ ಪೀಠದ ಮುಂದಿನ ಬಾವಿಗಿಳಿದರು, ಮಾರ್ಷಲ್‌ಗಳು ಬಂದರು. ಆ ಗಲಾಟೆಯ ಮಧ್ಯೆಯೇ ಪೀಠದವರು ಒಂದೊಂದೇ ಕಲಮನ್ನು ಓದುತ್ತಾ, ಪರವಾಗಿರುವವರು ಹೌದು ಅನ್ನಿ, ವಿರೋಧವಾಗಿರುವವರು ಇಲ್ಲ ಅನ್ನಿ ಅಂತ ಕೇಳುತ್ತಾ ಹೋದರು. ಇಲ್ಲ ಅನ್ನಬೇಕಾದವರನ್ನು ಅಷ್ಟು ಹೊತ್ತಿಗೆ ಎತ್ತಿಕೊಂಡು ಬಾಗಿಲಾಚೆ ಬಿಟ್ಟಿದ್ದರು. ಅಂಗೀಕಾರವಾಯಿತು. ನಮ್ಮ ಮನೆಯ ಕುಕ್ಕರು ಮೂರು ಸೀಟಿ ಕೂಗುವಷ್ಟು ಹೊತ್ತೂ ಆಗಿರಲಿಲ್ಲ.

ಮೈಯೆಲ್ಲ ಉರಿಯಿತು. ಟೀವಿಯನ್ನು ಬಾಯಿಗೆ ಬಂದ ಹಾಗೆ ಬೈದೆ. ಆದರೆ ಅದರ ಹಿಂದೆಯೇ, ನಾಚಿಕೆಯಾದರೂ ಹೇಳುತ್ತೇನೆ, ಒಂದು ನಿರಾಳವೂ ಬಂತು. ಓದಲಿಲ್ಲವಲ್ಲ. ಅವಳ ವಿಷಯ ಎಲ್ಲೂ ಹೊರಗೆ ಬರಲಿಲ್ಲವಲ್ಲ. ಅಡಿಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದೆ. ಬಂದು ನೋಡುತ್ತೇನೆ, ಶಾಸಕರು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಾರೆ. ಅಂಗಿಯ ಗುಂಡಿ ಕಿತ್ತುಹೋಗಿದೆ, ಮುಖ ಕೆಂಪಾಗಿದೆ, ಮುಂದೆ ಮೈಕುಗಳ ಗೊಂಚಲು. ಒಳಗೆ ಓದಲು ಬಿಡದಿದ್ದರೆ ಇಲ್ಲೇ ಓದುತ್ತೇನೆ, ಅಂತ ಕಾಗದ ಬಿಡಿಸಿದರು. ಮೊದಲ ಪುಟ.

ಬೇಡ, ಬೇಡ, ಅಂತ ನಾನು ಟೀವಿಯ ಹತ್ತಿರ ಹೋಗಿ ಅವರ ಮುಖದ ಮೇಲೆ ಕೈಯಿಟ್ಟೆ. ಹುಚ್ಚಿಯ ಹಾಗೆ. ಆ ಬಾಗಿಲಿನ ಒಳಗೆ ಇದ್ದ ರಕ್ಷಣೆ ಆ ಮೆಟ್ಟಿಲ ಮೇಲೆ ಇಲ್ಲ. ಇಷ್ಟು ವರ್ಷ ಶಾಸಕರಾದವರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋಪದಲ್ಲಿ ಮರೆತರು. ಗಂಟೆ ಹೊಡೆಯುವ ಮೊದಲು ಹೇಳಿ ಮುಗಿಸಬೇಕು ಅಂತ ನಾನು ಅವರಿಗೆ ಕಲಿಸಿದ್ದ ಪಾಠ ಅವರ ಮೈಗೆ ಹತ್ತಿಬಿಟ್ಟಿತ್ತು. ರಾಜೀವನಗರ ಅಂದರು. ಮೊಬೈಲು ಅಂಗಡಿ ಅಂದರು. ಮೆಷಿನ್ ತುಳಿದದ್ದನ್ನು, ಕೆಂಪು ಗೆರೆ ಇತ್ತಲ್ಲ, ಅಂಗೈಗೆ ಮುಷ್ಟಿ ಗುದ್ದಿ ಹೇಳಿದರು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವರು ಎಂದೂ ಓದಿರಲಿಲ್ಲ. ಎರಡನೆಯ ಪುಟ ತಿರುಗಿಸುವ ಮೊದಲು ಪೊಲೀಸರು ಅವರನ್ನು ವ್ಯಾನಿಗೆ ಹತ್ತಿಸಿದರು.

ಅವಳಿಗೆ ಫೋನ್ ಮಾಡಲು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಯಾರು ಕೇಳಿಸಿಕೊಳ್ಳುತ್ತಿದ್ದಾರೋ. ಫೋನನ್ನು ಮನೆಯಲ್ಲೇ ಬಿಟ್ಟು, ತೂತುಗಳ ಸಮೇತ ಮನೆಗೆ ತಂದಿಟ್ಟಿದ್ದ ಸಾಸಿವೆ ಬಣ್ಣದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ. ಯಾರಾದರೂ ಕೇಳಿದರೆ ಹೊಲಿಗೆಗೆ ಬಂದೆ ಅನ್ನಬಹುದಲ್ಲ, ಅದಕ್ಕೆ. ಆಟೋದವನು ಸುಮ್ಮನೆ ಮಾತಿಗೆ, ಯಾವ ಕಡೆ ಮೇಡಂ, ಯಾರ ಮನೆ, ಅಂದ. ನನಗೆ ಅವನ ಮೇಲೂ ಅನುಮಾನ. ರಾಜೀವನಗರದ ತಿರುವಿನಲ್ಲಿ ಒಂದು ಜೀಪು ನಿಂತಿತ್ತು. ಮುಂದೆ ಹೋಗಿ ಅಂದೆ, ಇನ್ನೂ ಮುಂದೆ ಅಂದೆ, ಆಮೇಲೆ ಇಳಿದು ಹಿಂದಕ್ಕೆ ನಡೆದು ಬಂದೆ. ಜೀಪಿನವರು ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದರು, ಅಷ್ಟೆ. ನನ್ನ ಚಪ್ಪಲಿಯ ಸದ್ದೂ ನನಗೆ ಜೋರಾಗಿ ಕೇಳುತ್ತಿತ್ತು.

ಅವಳ ಮನೆಯಲ್ಲಿ ಗಂಡ ಇರಲಿಲ್ಲ. ಪಕ್ಕದ ಮನೆಯವರು ಆಗಲೇ ಫೋನಿನಲ್ಲಿ ಆ ತುಣುಕನ್ನು ತೋರಿಸಿ, ಇದು ನಿಮ್ಮದೇ ಕಥೆ ಇದ್ದ ಹಾಗಿದೆಯಲ್ಲ, ಅಂದರಂತೆ. ಅಂಗಡಿ ಶಟರು ಎಳೆದು ಅವನು ಇಲವಾಲದಲ್ಲಿರುವ ಅಕ್ಕನ ಮನೆಗೆ ಹೋಗಿಬಿಟ್ಟಿದ್ದ. ಇವಳು ಮಂಚದ ಅಂಚಿನಲ್ಲಿ ಕೂತಿದ್ದಳು, ಹೊಲಿಗೆ ಮೆಷಿನ್ನಿನ ಮೇಲೆ ಬೆಡ್‌ಶೀಟು ಹೊದಿಸಿದ್ದಳು, ಅದು ಮನೆಯಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

"ಇನ್ನೊಂದ್ಸಲ ಕರ್ಕೊಂಡೋದ್ರೆ ಅವರು ಉಳಿಯಾಕಿಲ್ಲ ಅಕ್ಕ," ಅಂದಳು. "ಎಂಗಾದ್ರೂ ಮಾಡಿ."

ಏನು ಮಾಡುತ್ತೇನೆ ಅಂತ ಗೊತ್ತಿಲ್ಲದೆಯೇ, ಮಾಡುತ್ತೇನೆ, ಅಂದೆ.

ಪೊಲೀಸರು ನಮ್ಮ ಮನೆಗೆ ಬಂದದ್ದು ಮಾರನೆಯ ದಿನ ಬೆಳಿಗ್ಗೆ. ಮಫ್ತಿಯಲ್ಲಿದ್ದ ಇಬ್ಬರು. ಚಪ್ಪಲಿ ಬಾಗಿಲಾಚೆ ಬಿಟ್ಟು, ನಮಸ್ಕಾರ ತಾಯಿ ಅಂತ ಕೈಮುಗಿದು ಒಳಗೆ ಬಂದರು. ನಮ್ಮ ಯಜಮಾನರಿಗೆ ಏನು ಮಾಡಬೇಕೋ ತೋಚದೆ ಅವರಿಗೆ ಉಪ್ಪಿಟ್ಟು ತಂದುಕೊಟ್ಟರು. ಅವರು ತಿಂದರು ಕೂಡ, ಚೆನ್ನಾಗಿದೆ ಅಂದರು. ಶಾಸಕರನ್ನು ಬಿಟ್ಟುಬಿಟ್ಟಿದ್ದೇವೆ, ಅವರು ದೊಡ್ಡವರು, ಭಾಷಣ ಬರೆದುಕೊಟ್ಟವರು ನೀವೇ ಅಂತ ಅವರೇ ಹೇಳಿದರು, ಅಂದರು. ನನ್ನ ಹೆಸರನ್ನು ಆ ಮನುಷ್ಯ ಅಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದ! ಆಮೇಲೆ ಹಿರಿಯವನು ತಟ್ಟೆ ಕೆಳಗಿಟ್ಟು, ರಾಜೀವನಗರದಲ್ಲಿ ಮೊಬೈಲು ಅಂಗಡಿಗಳೇನು ಊರಗಲ ಇಲ್ಲ, ನಾವು ಒಂದೊಂದಾಗಿ ಹೋಗಿ ಕೇಳಬಹುದು, ಆದರೆ ನಿಮ್ಮ ಬಾಯಿಂದಲೇ ಬಂದರೆ ಎಲ್ಲರಿಗೂ ತೊಂದರೆ ಕಮ್ಮಿ, ಅಂದ. ದನಿ ಎತ್ತಲಿಲ್ಲ.

"ಯಾರೂ ಹೇಳಲಿಲ್ಲ," ಅಂದೆ. "ಅದು ನಾನು ಕಟ್ಟಿದ ಕತೆ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದ ಮೇಲೆ ನಿಲ್ಲಿಸಲಿಲ್ಲ. ಭಾಷಣಕ್ಕೆ ಕಳೆ ಬರಲಿ ಅಂತ ನಾವು ಹೀಗೆಲ್ಲ ಸೇರಿಸುತ್ತೇವೆ, ರಾಜೀವನಗರ ಅಂತ ಬಾಯಿಗೆ ಬಂತು, ಹಾಕಿದೆ, ಮೆಷಿನ್ನೂ ಅಷ್ಟೇ, ಅಂತ ನಕ್ಕೆ ಬೇರೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಬಲಿಲ್ಲ ಅಂತ ನನಗೆ ಗೊತ್ತಾಯಿತು. ಆದರೆ ಅವರಿಗೆ ಬೇಕಾಗಿದ್ದಕ್ಕಿಂತ ಇದೇ ಚೆನ್ನಾಗಿತ್ತು ಅಂತಲೂ ಗೊತ್ತಾಯಿತು. ಇದನ್ನೇ ಒಂದು ಹಾಳೆಯ ಮೇಲೆ ಬರೆದುಕೊಡಿ ತಾಯಿ, ನಿಮ್ಮ ಬರವಣಿಗೆ ಚೆನ್ನಾಗಿರುತ್ತದಂತೆ, ಅಂದರು. ಬರೆದುಕೊಟ್ಟೆ. ಮೆಷಿನ್ ತುಳಿದ ಪ್ರಸಂಗ ನನ್ನ ಕಲ್ಪನೆ ಅಂತ ಬಿಡಿಸಿ ಬರೆಯಲು ಹೇಳಿದರು, ಅದನ್ನೂ ಬರೆದೆ.

ಮಸೂದೆ ಇನ್ನೂ ಮೇಲ್ಮನೆಗೆ ಹೋಗಬೇಕಾಗಿತ್ತು. ಅಲ್ಲಿ ವಿರೋಧ ಪಕ್ಷದವರ ಸಂಖ್ಯೆ ಚೆನ್ನಾಗಿತ್ತು, ಅಲ್ಲಾದರೂ ಚರ್ಚೆಯಾಗುತ್ತದೆ ಅಂತ ಎಲ್ಲರೂ ಕಾಯುತ್ತಿದ್ದರು. ನಾನು ಟೀವಿ ಹಾಕಬಾರದು ಅಂತಿದ್ದವಳು ಹಾಕಿದೆ. ಗೃಹಮಂತ್ರಿಗಳು ಎದ್ದು ಜೇಬಿನಿಂದ ಒಂದು ಹಾಳೆ ತೆಗೆದರು. ನನ್ನ ಅಕ್ಷರ ದೂರದಿಂದಲೇ ಗುರುತಾಯಿತು. ಓದಿದರು. ಮೈಕು ಒಂದು ಕ್ಷಣವೂ ಕೈಕೊಡಲಿಲ್ಲ. ವಿರೋಧಿಗಳ ಹತ್ತಿರ ಇದ್ದದ್ದು ಒಂದೇ ಉದಾಹರಣೆ, ಅದೂ ಕಟ್ಟುಕತೆ ಅಂತ ಕಟ್ಟಿದವರೇ ಬರೆದುಕೊಟ್ಟಿದ್ದಾರೆ, ಇನ್ನು ಚರ್ಚೆ ಯಾಕೆ, ಅಂದರು. ಆಡಳಿತ ಪಕ್ಷದ ಬೆಂಚುಗಳೆಲ್ಲ ಮೇಜು ಕುಟ್ಟಿದವು. ವಿರೋಧ ಪಕ್ಷದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು, ಎದ್ದವರೂ ತಡವರಿಸಿದರು. ಹೌದು ಅನ್ನುವವರು ಹೌದು ಅಂದರು. ಅಲ್ಲಿಗೆ ಮುಗಿಯಿತು. ಸದನದ ಒಳಗೆ ಓದಿದ್ದಾದ್ದರಿಂದ ಅದು ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಅದಕ್ಕೆ ಯಾರೂ ಕೇಸು ಹಾಕುವ ಹಾಗೂ ಇಲ್ಲ. ಆ ನಿಯಮವನ್ನು ಅವಳಿಗೆ ವಿವರಿಸಿದವಳು ನಾನೇ.

ಅವಳ ಗಂಡನನ್ನು ಯಾರೂ ಮುಟ್ಟಲಿಲ್ಲ. ಕೆಲವು ದಿನ ಇಲವಾಲದಲ್ಲಿದ್ದು ವಾಪಸು ಬಂದು ಅಂಗಡಿ ತೆಗೆದ. ಇದು ನನಗೆ ಸಮಾಧಾನ, ಇಲ್ಲ ಅನ್ನುವುದಿಲ್ಲ. ಶಾಸಕರಿಗೆ ಬರೆಯುವುದನ್ನು ಬಿಟ್ಟೆ. ಅವರೂ ಕರೆಯಲಿಲ್ಲ.

ಸುಮಾರು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ನಮ್ಮ ಮನೆಗೆ ಬಂದಳು, ಸಾಸಿವೆ ಬಣ್ಣದ ಸೀರೆ ಹಿಡಿದುಕೊಂಡು. ತೂತು ಬಿದ್ದ ಅಂಚನ್ನು ಒಳಗೆ ಮಡಿಸಿ ಹೊಸ ಫಾಲ್ಸ್ ಹಾಕಿದ್ದಳು, ಏನೂ ಕಾಣುತ್ತಿರಲಿಲ್ಲ. ನಾನು ಕಣ್ಣು ತಪ್ಪಿಸುತ್ತಲೇ ಕಾಫಿ ಕೊಟ್ಟೆ. ಮಂತ್ರಿ ಓದಿದ್ದನ್ನು ಅವಳೂ ನೋಡಿದ್ದಳು. ನೀವು ಅಂಗನ್ನದೆ ಇದ್ದಿದ್ರೆ ಅವರು ಇವತ್ತು ಇರ್ತಿರಲಿಲ್ಲ ಬುಡಿ, ಅಂದಳು. ಅವರು ಹೇಗಿದ್ದಾರೆ ಅಂತ ಕೇಳಿದೆ. ಆ ವಾರವೆಲ್ಲ ತಾನು ಅಕ್ಕನ ಮನೆಯಲ್ಲಿದ್ದೆ, ಜ್ವರ ಬಂದಿತ್ತು, ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನಂತೆ. ಮೊದಮೊದಲು ಬೇರೆಯವರಿಗೆ ಹೇಳುತ್ತಿದ್ದ.

"ಈಗ ನನ್ ಹತ್ರಾನೂ ಅಂಗೇ ಅಂತಾರೆ ಕಣಕ್ಕ. ಮನೇಲಿ ಇಬ್ರೇ ಇರುವಾಗ್ಲೂ. ಬೆನ್ ಮೇಲಿನ ಗಾಯ ತೋರ್ಸುದ್ರೆ ಬಸ್ಸಿಂದ ಬಿದ್ದಿದ್ದು ಅಂತಾರೆ." ಅವಳು ಮುಂದಕ್ಕೆ ಬಗ್ಗಿದಳು. "ನನಗೇ ಅನುಮಾನ ಬಂದ್ಬುಟ್ಟದೆ. ನೀವೊಂದ್ಸಲ ಹೇಳಿ. ಅವತ್ತು ಕರ್ಕೊಂಡೋಗಿದ್ರು ತಾನೆ? ನಾನು ಮೆಷಿನ್ ತುಳಿದಿದ್ದೆ ತಾನೆ?"

ನಾನು ಬೀದಿಯ ಕಡೆ ನೋಡಿದೆ. ಯಾರೂ ಇರಲಿಲ್ಲ. ಆದರೂ ಎದ್ದು ಕಿಟಕಿ ಹಾಕಿದೆ, ಬಾಗಿಲ ಚಿಲಕ ಹಾಕಿದೆ. ಇಬ್ಬರ ಫೋನನ್ನೂ ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬಿಯೊಳಗಿಟ್ಟೆ. ಅವಳನ್ನು ಅಡಿಗೆಮನೆಗೆ ಕರೆದು, ಖಾಲಿ ಮಿಕ್ಸಿಯನ್ನು ಜೋರಾಗಿ ತಿರುಗಿಸಿ, ಅದು ಗುರ್ರೋ ಅನ್ನುತ್ತಿರುವಾಗ ಅವಳ ಕಿವಿಗೆ ಬಾಯಿಟ್ಟು, ಹೌದು, ಅಂದೆ. ಆ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಏನಂದಿರಿ ಅನ್ನುವ ಹಾಗೆ ನನ್ನ ಮುಖ ನೋಡಿದಳು. ಮಿಕ್ಸಿ ನಿಲ್ಲಿಸುವ ಧೈರ್ಯವಾಗಲಿಲ್ಲ. ಹಾಗೇ ಇನ್ನೊಂದು ಸಲ ಹೇಳಿದೆ.